ಅಗ್ನಿಶಾಮಕದೋರ ಕಿವಿ: ವಾಚ್ ಕಟ್ಟಿ ಸದ್ದು ಅಳೆದ್ರೆ ಉಪಯೋಗ ಐತಾ? ಗೊತ್ತಿರೋರು ಹೇಳಿ

ವಿದ್ಯಾನಗರ ಹುಡುಗ

ಎಲ್ರಿಗೂ ನಮಸ್ಕಾರ. ಫೈರ್ ಸ್ಟೇಷನ್‌ನಲ್ಲಿ ಕೆಲ್ಸ ಮಾಡೋರು, ಅವ್ರ ಮನೇವ್ರು, ಕಿವಿ ಪರೀಕ್ಷೆ ಮಾಡೋರು, ಎಲೆಕ್ಟ್ರಾನಿಕ್ಸ್ ಗೊತ್ತಿರೋರು ಯಾರಿದ್ರೂ ದಯವಿಟ್ಟು ಪೂರ್ತಿ ಓದಿ. ನಮ್ಮಣ್ಣ ಅಗ್ನಿಶಾಮಕ ಇಲಾಖೆಲಿ ಡ್ರೈವರ್, ಠಾಣೆ ಯಾವ್ದು ಅಂತ ಇಲ್ಲಿ ಬರೆಯಲ್ಲ. ವಾಟರ್ ಟೆಂಡರ್ (ನೀರು ತುಂಬಿರೋ ಫೈರ್ ಗಾಡಿ) ಓಡಿಸ್ತಾನೆ, ಸ್ಪಾಟ್‌ಗೆ ಹೋದ್ಮೇಲೆ ಪಂಪೂ ಅವನೇ ನೋಡ್ಕೋಬೇಕು. ಇತ್ತೀಚೆಗೆ ಫೋನ್ ಬಂದ್ರೆ ಎಡಗಿವಿಗೇ ಇಟ್ಕೊಳ್ತಾನೆ, ಬಲಗಡೆ ಮಾತು ಕೇಳುತ್ತೆ ಆದ್ರೆ ಏನಂದ್ರು ಅಂತ ತಿಳಿಯಲ್ಲ ಅಂತಾನೆ, ರಾತ್ರಿ ಮನೆ ಸ್ತಬ್ಧ ಆದ್ರೆ ಕಿವಿ ಗುಂಯ್ ಅನ್ನುತ್ತಂತೆ. ಡಾಕ್ಟ್ರ ಹತ್ರ ಹೋಗು ಅಂದ್ರೆ ಬೇಡ ಅಂತಾನೆ, ಕಾರಣನೂ ಹೇಳಲ್ಲ.

ನನ್ನ ಹತ್ರ ಸದ್ದಿನ ಮಟ್ಟ ತೋರ್ಸೋ ಆ್ಯಪಲ್ ವಾಚ್ ಇದೆ, ಅದನ್ನ ಡ್ಯೂಟಿಗೆ ಕಟ್ಕೊಂಡು ಹೋಗು ಅಂತ ಕೊಟ್ಟೆ. ಸೈರನ್ ಹಾಕಿ ಗಾಜು ಇಳಿಸ್ಕೊಂಡು ಹೋಗುವಾಗ ನೂರು ಡೆಸಿಬಲ್ ಮೇಲೆ ತೋರಿಸಿದೆ, ಪಂಪ್ ಹತ್ರ ತೊಂಬತ್ತರ ಮೇಲೆ, ಠಾಣೆಲಿ ಕೂತಿರುವಾಗ ಐವತ್ತು ಅರವತ್ತು. ಈಗ ನನ್ನ ಪ್ರಶ್ನೆ ಏನಂದ್ರೆ ಮಣಿಕಟ್ಟಿನ ಮೇಲಿರೋ ವಾಚ್ ಹೇಳಿದ್ದನ್ನ ನಂಬಬಹುದಾ, ಇದಕ್ಕಿಂತ ಒಳ್ಳೇ ಸಾಧನ ಐತಾ, ಈ ನಂಬರ್ ಇಟ್ಕೊಂಡು ಏನು ಮಾಡ್ಬೇಕು, ಯಾರಿಗೆ ತೋರಿಸ್ಬೇಕು. ಅವ್ನ ಜೊತೆ ಕೆಲ್ಸ ಮಾಡೋ ಇನ್ನೂ ಕೆಲವರು ನಮಗೂ ಅಳೆದು ಕೊಡಪ್ಪ ಅಂತಿದಾರೆ.

ಪಂಪ್ ಪ್ಯಾನಲ್

ತಮ್ಮಾ, ನಂದೂ ಅದೇ ಕೆಲ್ಸ. ಎಲ್ಲಾರೂ ಸೈರನ್ ಸೈರನ್ ಅಂತಾರ, ಸೈರನ್ ಹತ್ತು ಹದಿನೈದು ನಿಮಿಷದ್ದು. ಪಂಪ್ ಹತ್ರ ನಿಲ್ಲೋದು ಗಂಟೆಗಟ್ಲೆ. ಹತ್ತಿ ಜಿನ್ನಿಂಗ್ ಮಿಲ್‌ಗೆ ಬೆಂಕಿ ಬಿತ್ತು ಅಂದ್ರ ಮ್ಯಾಲೆ ಆರಿದಂಗೆ ಕಾಣ್ತತಿ, ಒಳಗ ಬೇಲ್ ನಡುವೆ ಉರೀತಾನೇ ಇರ್ತತಿ, ಒಂದೊಂದೇ ಬಿಡಿಸಿ ನೀರು ಹೊಡೀಬೇಕು, ಅಷ್ಟೊತ್ತೂ ಇಂಜಿನ್ ರೈಸ್ ಮಾಡಿ ಪಿಟಿಒ (ಇಂಜಿನ್ ಶಕ್ತಿನ ಪಂಪಿಗೆ ಕೊಡೋ ಗೇರು) ಹಾಕಿ ಪ್ರೆಶರ್ ಬೀಳದಂಗೆ ನೋಡ್ಕೊಂಡು ಪ್ಯಾನಲ್ ಪಕ್ಕ ನಾನು ನಿಂತಿರ್ಬೇಕು. ಬಣವೆ ಬೆಂಕಿನೂ ಹಂಗೇ, ಮೆಕ್ಕೆಜೋಳದ ಸೀಸನ್ ಮುಗಿದ ಮ್ಯಾಲೆ ಹಳ್ಳಿ ಕಡೆ ಕಾಲ್ ಮೇಲೆ ಕಾಲ್ ಬರ್ತಾವು. ಬ್ರಾಂಚ್ (ನೀರು ಹೊಡೆಯೋ ಪೈಪಿನ ತುದಿ) ಹಿಡಿದೋರು ಕೈ ಬದಲಿಸ್ತಾರ, ಪಂಪ್ ಹತ್ರ ಇರೋನು ಬದಲಾಗಲ್ಲ. ವಾಪಸ್ ಠಾಣೆಗೆ ಬಂದು ಇಳಿದ್ರ ಯಾರು ಮಾತಾಡಿದ್ರೂ ದೂರದಾಗೆ ಮಾತಾಡಿದಂಗೆ ಇರ್ತತಿ, ಬೆಳಿಗ್ಗೆ ಹೊತ್ತಿಗೆ ಸರಿ ಹೋಗ್ತತಿ. ಸರಿ ಹೋಗ್ತತಲ್ಲ ಅಂತ ಯಾರೂ ತಲೆ ಕೆಡಿಸ್ಕೊಂಡಿಲ್ಲ.

ಆಡಿಯಾಲಜಿ ಮೇಡಂ

ನಾನು ದಾವಣಗೆರೆಯಲ್ಲಿ ಕಿವಿ ಪರೀಕ್ಷೆ ಮಾಡೋಳು. ಮೊದಲು ಪಂಪ್ ಪ್ಯಾನಲ್ ಅವರು ಬರೆದ ಕೊನೇ ಮಾತಿಗೆ ಬರ್ತೀನಿ, ಯಾಕಂದ್ರೆ ಅಪಾಯ ಇರೋದು ಅಲ್ಲೇ. ಸದ್ದಿನಿಂದ ಬಂದ್ಮೇಲೆ ಕಿವಿ ಮಂದ ಆಗಿ ಬೆಳಿಗ್ಗೆ ಸರಿ ಹೋಗೋದನ್ನ ತಾತ್ಕಾಲಿಕ ನಷ್ಟ ಅಂತೀವಿ. ಒಳಗಿವಿಯಲ್ಲಿ ಶಂಖದ ಆಕಾರದ ಕಾಕ್ಲಿಯಾ ಅಂತ ಭಾಗ ಇದೆ, ಅದರಲ್ಲಿ ಒಂದೊಂದು ಕಿವಿಗೆ ಸದ್ದು ಗ್ರಹಿಸೋಕೆ ನೆರವಾಗೋ ಸುಮಾರು 12,000 ಹೊರ ರೋಮಕೋಶಗಳು ಇರ್ತವೆ. ದಣಿದಿದ್ರೆ ಚೇತರಿಸ್ಕೊಳ್ತವೆ, ಸತ್ತುಹೋದ್ರೆ ಮತ್ತೆ ಹುಟ್ಟಲ್ಲ. ಮತ್ತೆ ಮತ್ತೆ ದಣಿಸಿದ್ರೆ ಒಂದಿನ ಬೆಳಿಗ್ಗೆ ಸರಿ ಹೋಗೋದು ನಿಲ್ಲುತ್ತೆ. ಅದು ಶುರುವಾಗೋದು ತೀಕ್ಷ್ಣ ಸದ್ದಿನ ಕಡೆ, 4000 ಹರ್ಟ್ಸ್ ಆಸುಪಾಸಲ್ಲಿ, ಮಾಮೂಲಿ ಮಾತಿನ ಜೋರು ಅಷ್ಟೇ ಇರುತ್ತೆ ಆದ್ರೆ ಸ, ಶ, ಫ, ತ ಇಂಥ ಅಕ್ಷರ ಬಿಟ್ಟುಹೋಗುತ್ತೆ. ನಿಮ್ಮಣ್ಣ ಹೇಳಿದ "ಕೇಳುತ್ತೆ, ತಿಳಿಯಲ್ಲ" ಅನ್ನೋದು ಅದೇ ಇರಬಹುದು, ಪರೀಕ್ಷೆ ಮಾಡದೆ ಖಚಿತ ಹೇಳಲ್ಲ. ನಮ್ಮ ಗಾಡಿಗಳಲ್ಲಿ ಡ್ರೈವರ್ ಕೂರೋದು ಬಲಗಡೆ, ತೆರೆದ ಕಿಟಕಿ ಬಲಗಿವಿ ಪಕ್ಕ. ಆದ್ರೂ ಒಂದೇ ಕಿವಿ ಹೆಚ್ಚು ಕೆಟ್ಟಿದ್ರೆ ಸದ್ದು ಅಂತ ಸುಮ್ನಾಗದೆ ಇಎನ್‌ಟಿ ಡಾಕ್ಟರ್ ನೋಡಲೇಬೇಕು, ಬೇರೆ ಕಾರಣನೂ ಇರುತ್ತೆ.

ಈಗ ನಂಬರ್. ಕೆಲಸಗಾರರ ಆರೋಗ್ಯ ನೋಡೋ ಅಮೆರಿಕದ ನಿಯೋಶ್ ಸಂಸ್ಥೆ ಹೇಳೋ ಮಿತಿ 85 ಡೆಸಿಬಲ್‌ಗೆ 8 ಗಂಟೆ. ಅದಾದ್ಮೇಲೆ ಪ್ರತಿ 3 ಡೆಸಿಬಲ್ ಏರಿದ್ರೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಅಂದ್ರೆ 100 ಡೆಸಿಬಲ್ ಸೈರನ್ ಕೆಳಗೆ 10 ನಿಮಿಷದ ಎರಡು ಓಟ ಆದ್ರೆ ಆ ದಿನದ ಪಾಲು 133 ಪರ್ಸೆಂಟ್. ಪಂಪ್ ಹತ್ರ 94 ಇದ್ದು 4 ಗಂಟೆ ನಿಂತ್ರೆ 400 ಪರ್ಸೆಂಟ್. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ಕಾಲದ ಮಾದರಿ ನಿಯಮದ ಪಟ್ಟಿ ಸಡಿಲ, 90ಕ್ಕೆ 8 ಗಂಟೆ, 100ಕ್ಕೆ 2 ಗಂಟೆ ಅಂತ, ಆ ಲೆಕ್ಕದಲ್ಲಿ ಅದೇ ಎರಡು ಓಟ ಬರೀ 17 ಪರ್ಸೆಂಟ್ ಆಗುತ್ತೆ. ಕಿವಿ ಅದೇ, ಸದ್ದು ಅದೇ. ಹಾಗಾಗಿ ಯಾವ ಸಾಧನ ತಗೊಂಡ್ರೂ ಅದು ಯಾವ ಲೆಕ್ಕದ ಮೇಲೆ ಪರ್ಸೆಂಟ್ ಕೊಡ್ತಿದೆ ಅಂತ ಮೊದಲು ನೋಡಿ, 3 ಡೆಸಿಬಲ್ ಲೆಕ್ಕಕ್ಕೇ ಇಡಿ.

ತುಂಗಭದ್ರಾ ತೀರ, ಹರಿಹರ

ಬೇಜಾರಾಗ್ಬೇಡಿ, ಮನಸ್ಸಲ್ಲಿರೋದು ಹೇಳ್ತೀನಿ. ನನ್ನ ಮಾವನೂ ಇದೇ ಕೆಲ್ಸದಲ್ಲಿ ಇದ್ದೋರು. ಹೊಗೆ ಕುಡ್ದು ಕುಡ್ದು ಶ್ವಾಸಕೋಶ ಹಾಳಾಯ್ತು, ಮಂಡಿ ಹೋಯ್ತು. ಮೊದಲು ಬೂಟು, ಬಿಎ ಸೆಟ್ (ಹೊಗೆಯಲ್ಲಿ ಉಸಿರಾಡೋಕೆ ಬೆನ್ನಿಗೆ ಹಾಕೋ ಗಾಳಿ ಸಿಲಿಂಡರ್), ಸಾಕಷ್ಟು ಜನ, ಆಮೇಲೆ ಕಿವಿ ಅಂತ ನನ್ನ ಅಭಿಪ್ರಾಯ. ಬೆಂಕಿಗೆ ನುಗ್ಗೋನ ಕೈಗೆ ವಾಚ್ ಕಟ್ಟಿ ಡೆಸಿಬಲ್ ನೋಡೋದು ನನಗೆ ಸರಿ ಕಾಣ್ತಿಲ್ಲ.

ಪಂಪ್ ಪ್ಯಾನಲ್

@ತುಂಗಭದ್ರಾ ತೀರ ಅಣ್ಣಾರೆ ನಿಮ್ಮ ಮಾವನೋರಿಗೆ ಆದದ್ದು ನಮಗೆಲ್ಲ ಗೊತ್ತಿರೋ ಸಂಕಟ, ಬೂಟು ಬಿಎ ಸೆಟ್ ಬೇಕೇ ಬೇಕು, ಅದ್ರಾಗೆ ಎರಡು ಮಾತಿಲ್ಲ. ಆದ್ರ ಬಿಎ ಸೆಟ್ ಹಾಕ್ಕೊಂಡು ಒಳಗ ಹೋದೋನಿಗೆ ಗಾಳಿ ಮುಗೀತಾ ಬಂತು ಅಂತ ಹೇಳೋದು ಒಂದು ವಿಸಿಲ್. ಹೊಗ್ಯಾಗೆ ಗೇಜ್ ಕಾಣಲ್ಲ, ವಿಸಿಲ್ಲೇ ಗತಿ. ಅದು ಕೇಳದಂಗೆ ಆದ್ರ ಸೆಟ್ ಇದ್ದೂ ಏನುಪಯೋಗ ಹೇಳ್ರಿ. ವಾಕಿಟಾಕ್ಯಾಗೆ "ಹೊರಗೆ ಬಾ" ಅಂದಿದ್ದು "ಒಳಗೆ ಬಾ" ಅಂತ ಕೇಳಿದ್ರ?

ಆಡಿಯಾಲಜಿ ಮೇಡಂ

ಇದಕ್ಕೆ ಒಂದು ಸೇರಿಸ್ತೀನಿ. ಯುರೋಪಿನ ಮಾನದಂಡದಲ್ಲಿ ಆ ವಿಸಿಲ್ 2000ದಿಂದ 4000 ಹರ್ಟ್ಸ್ ಒಳಗೆ ಇರಬೇಕು ಅಂತ ಇದೆ. ಸದ್ದಿನಿಂದ ಕಿವಿ ಮೊದಲು ಕಳ್ಕೊಳ್ಳೋದೂ ಆ ಕಡೆಯಿಂದಲೇ. ಆಮೇಲೆ ಹೊಗೆ ಬೇರೆ ವಿಷಯ, ಕಿವಿ ಬೇರೆ ವಿಷಯ ಅಂತ ಅಂದ್ಕೋಬೇಡಿ. ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಒಳಗಿವಿಗೆ ಆಮ್ಲಜನಕ ಕಮ್ಮಿ ಮಾಡುತ್ತೆ, ಆ ಸ್ಥಿತಿಯಲ್ಲಿ ಸದ್ದು ಬಿದ್ರೆ ಹಾನಿ ಹೆಚ್ಚು. ಪ್ಲಾಸ್ಟಿಕ್ ಸುಟ್ಟಾಗ ಬರೋ ಸ್ಟೈರೀನ್, ಪೇಂಟ್ ಗೋಡೌನ್‌ನಲ್ಲಿರೋ ಟಾಲ್ವೀನ್ ಕೂಡ ಕಿವಿಗೆ ವಿಷ. ಬರೀ ಡೆಸಿಬಲ್ ನೋಡಿ ನೀವು ಸೇಫ್ ಅಂತ ಫೈರ್‌ನೋರಿಗೆ ನಾನು ಹೇಳಲ್ಲ, ಅದಕ್ಕೇ.

ಇಸಿ ಬ್ರಾಂಚ್

ವಾಚ್ ಬಗ್ಗೆ ಟೆಕ್ನಿಕಲ್ ಆಗಿ ಹೇಳ್ತೀನಿ, ನಾನು ಎಲೆಕ್ಟ್ರಾನಿಕ್ಸ್ ಓದಿ ಈಗ ಇಲ್ಲೇ ದಾವಣಗೆರೆಲಿ ಸೆನ್ಸರ್ ಕೆಲ್ಸ ಮಾಡೋನು. ಆ್ಯಪಲ್ ವಾಚ್‌ನಲ್ಲಿ 2019ರಿಂದ ಸದ್ದಿನ ಆ್ಯಪ್ ಇದೆ, ಸುತ್ತಲ ಸದ್ದು ಹೆಚ್ಚಾದ್ರೆ ಎಚ್ಚರಿಕೆ ಕೊಡುತ್ತೆ. ಮಾತು ರೆಕಾರ್ಡ್ ಮಾಡಿ ಇಡಲ್ಲ, ಮಟ್ಟ ಮಾತ್ರ ಉಳಿಸುತ್ತೆ. ಅದೇ ವರ್ಷ ಮಿಷಿಗನ್ ವಿಶ್ವವಿದ್ಯಾಲಯದ ಜೊತೆ ಸೇರಿ ಇದೇ ವಾಚ್ ಬಳಸಿ ಜನರ ಕಿವಿ ಅಧ್ಯಯನ ಶುರು ಮಾಡಿದ್ರು, ಹಾಗಾಗಿ ಸುಮ್ನೆ ತಳ್ಳಿಹಾಕೋ ವಸ್ತು ಅಲ್ಲ. ಆದ್ರೆ ಫೈರ್ ಕೆಲ್ಸಕ್ಕೆ ತೊಂದ್ರೆ ಏನಂದ್ರೆ ಕೈ ಇರೋ ಜಾಗದ ಸದ್ದು ಬೇರೆ ಕಿವಿ ಹತ್ರದ ಸದ್ದು ಬೇರೆ, ಮೇಲೆ ದಪ್ಪ ಕೋಟಿನ ತೋಳು ಬಂದ್ರೆ ಮೈಕ್ ಮುಚ್ಚಿಹೋಗಿ ಕಮ್ಮಿ ತೋರ್ಸುತ್ತೆ, ಕಿಟಕಿಯಿಂದ ಗಾಳಿ ನೇರ ಹೊಡೆದ್ರೆ ಜಾಸ್ತಿ ತೋರ್ಸುತ್ತೆ, ಸ್ಟೇರಿಂಗ್‌ಗೆ ಕೈ ತಾಗಿದ್ರೂ ಸದ್ದು. ಬಜಾರಲ್ಲಿ ಸಿಗೋ ಕಮ್ಮಿ ರೇಟಿನ ಸ್ಮಾರ್ಟ್ ವಾಚ್‌ಗಳಲ್ಲಿ ಬಹಳಷ್ಟಕ್ಕೆ ಈ ಅಳತೆನೇ ಇರಲ್ಲ, ನೋಡಿ ತಗೊಳ್ಳಿ. ಐಫೋನ್ ಇದ್ರೆ ನಿಯೋಶ್‌ನೋರೇ ಮಾಡಿರೋ ಸೌಂಡ್ ಲೆವೆಲ್ ಮೀಟರ್ ಆ್ಯಪ್ ಫ್ರೀ ಇದೆ, ಆಂಡ್ರಾಯ್ಡ್‌ಗೆ ಬಂದಿಲ್ಲ ಯಾಕಂದ್ರೆ ಒಂದೊಂದು ಫೋನಿಗೂ ಮೈಕ್ ಬೇರೆ ಬೇರೆ.

ಸರಿಯಾದ ಸಾಧನ ಅಂದ್ರೆ ಡೋಸಿಮೀಟರ್. ಬ್ಯಾಡ್ಜ್ ತರ ಚಿಕ್ಕದು, ಭುಜದ ಮೇಲೆ ಕಿವಿ ಹತ್ರ ಕ್ಲಿಪ್ ಮಾಡ್ತಾರೆ, ಮೈಕ್‌ಗೆ ಗಾಳಿ ತಡೆಯೋ ಸ್ಪಂಜ್ ಇರುತ್ತೆ, ನಿಮಿಷ ನಿಮಿಷದ ಮಟ್ಟ ಬರ್ಕೊಂಡು ಕೊನೆಗೆ ಡೋಸ್ ಪರ್ಸೆಂಟ್, ಅಂದ್ರೆ ಮೇಡಂ ಹೇಳಿದ ಆ ದಿನದ ಪಾಲು, ಕೊಡುತ್ತೆ. ಬಳಸೋ ಮೊದಲು ಮತ್ತು ಆಮೇಲೆ ಕ್ಯಾಲಿಬ್ರೇಟರ್ ಇಟ್ಟು 1000 ಹರ್ಟ್ಸ್‌ನ 94 ಅಥವಾ 114 ಡೆಸಿಬಲ್ ಸದ್ದು ಕೊಟ್ಟು ಸರಿ ನೋಡ್ಬೇಕು. ನಾವೇ ಇಎಸ್‌ಪಿ32 ಅನ್ನೋ ಚಿಕ್ಕ ಕಂಪ್ಯೂಟರ್ ಬೋರ್ಡ್‌ಗೆ ಮೆಮ್ಸ್ ಅನ್ನೋ ಪುಟ್ಟ ಮೈಕ್ ಹಾಕಿ ಕಟ್ಟಬಹುದು, ಖರ್ಚು ಬಹಳ ಕಮ್ಮಿ, ಆದ್ರೆ ಆ ಮೈಕ್‌ಗಳಲ್ಲಿ ಹೆಚ್ಚಿನವು 120 ಡೆಸಿಬಲ್ ಹತ್ರ ಬಂದ್ರೆ ಅದಕ್ಕಿಂತ ಮೇಲೆ ಸರಿಯಾಗಿ ಅಳೆಯಲ್ಲ, ಸೈರನ್ ಮುಂದೆ ಇಟ್ರೆ ನಿಜ ಬರಲ್ಲ. ಕ್ಯಾಬಿನ್ ಒಳಗೆ, ಪಂಪ್ ಹತ್ರ ಹೋಲಿಸಿ ನೋಡೋಕೆ ಸಾಕು.

ಒಂದು ವಿಷಯ ದಯವಿಟ್ಟು ಗಮನಿಸಿ, ಹೈವೇಲಿ ಗ್ಯಾಸ್ ಟ್ಯಾಂಕರ್ ಪಲ್ಟಿ ಆದ ಕಾಲ್‌ಗೆ, ಪೆಟ್ರೋಲ್ ಸೋರಿಕೆ ಇರೋ ಕಡೆ ಇಂಥ ಯಾವ ಮನೆ ಸಾಧನನೂ, ಮಾಮೂಲಿ ವಾಚ್ ಕೂಡ, ಹತ್ರ ಒಯ್ಯಬೇಡಿ. ಕಿಡಿ ಹುಟ್ಟದಂಗೆ ಪ್ರಮಾಣಿತ ಆಗಿರೋದು ಮಾತ್ರ. ಬೆಂಕಿ ಒಳಗೆ ಹೋಗೋರೂ ಬಿಚ್ಚಿಟ್ಟು ಹೋಗಿ, ಬ್ಯಾಟರಿ ಶಾಖಕ್ಕೆ ಆಗಲ್ಲ.

ದುರ್ಗದ ನಿವೃತ್ತ

ನಾನು ಚಿತ್ರದುರ್ಗದೋನು, ಪ್ರಮುಖ ಅಗ್ನಿಶಾಮಕ ಆಗಿ ರಿಟೈರ್ ಆದೆ. ತಮ್ಮ ಕೇಳಿದ್ದಾನಲ್ಲ ಅಣ್ಣ ಡಾಕ್ಟ್ರ ಹತ್ರ ಯಾಕ್ ಹೋಗಲ್ಲ ಅಂತ, ನಾನ್ ಹೇಳ್ತೀನಿ. ಹೆದರಿಕೆ ಕಣಪ್ಪ. ಕಿವಿ ಕೇಳಲ್ಲ ಅಂತ ಒಂದ್ ಕಾಗದದಾಗೆ ಬಂದ್ರೆ ಸ್ಟೇರಿಂಗ್ ಬಿಡಿಸ್ತಾರೆ, ವಾಚ್‌ರೂಮಿಗೆ (ಠಾಣೇಲಿ ಫೋನ್ ಕರೆ ತಗೊಳ್ಳೋ ಕೋಣೆ) ಕೂರಿಸ್ತಾರೆ, ಪ್ರಮೋಷನ್ ಟೈಮಲ್ಲಿ ಯಾರಾದ್ರೂ ಎತ್ತಿ ಆಡ್ತಾರೆ ಅನ್ನೋ ಹೆದರಿಕೆ. ನಮ್ ಕಾಲದಾಗೆ ಕಿವಿ ಮಂದ ಆಗಿರೋರು ತುಟಿ ನೋಡ್ಕೊಂಡು ಕೆಲ್ಸ ಮಾಡೋರು, ಪಕ್ಕದೋನು ಅರ್ಥ ಮಾಡ್ಕೊಂಡು ಭುಜ ತಟ್ಟಿ ಹೇಳೋನು. ಯಾರೂ ಬಾಯಿ ಬಿಡ್ತಿರ್ಲಿಲ್ಲ. ಈಗ ನೀವು ಒಬ್ಬೊಬ್ಬರಿಗೂ ಮಿಷನ್ ಕಟ್ಟಿ, ಇವನಿಗೆ ಇಷ್ಟು ಸದ್ದು ಬಿದ್ದೈತೆ, ಇವನ ಕಿವಿ ಇಷ್ಟು ಹೋಗೈತೆ ಅಂತ ಆಫೀಸಿಗೆ ಪಟ್ಟಿ ಕೊಟ್ರೆ ಮಾರನೇ ದಿನದಿಂದ ಎಲ್ರೂ ಮಿಷನ್ ಮನೇಲಿ ಬಿಟ್ ಬರ್ತಾರೆ ನೋಡ್ಕಳಿ. ಗಾಡಿ ಅಳೀರಪ್ಪ. ಮನುಷ್ಯನ್ನ ಅಳೆದ್ರೆ ಅದು ಅವನತ್ರ ಮಾತ್ರ ಇರ್ಲಿ.

ಕಾನೂನು ಓದ್ತಿರೋಳು

@ದುರ್ಗದ ನಿವೃತ್ತ ಅಂಕಲ್, ನಿಮ್ಮ ಹೆದರಿಕೆಗೆ ಕಾನೂನಲ್ಲಿ ಅರ್ಧ ಉತ್ತರ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೆಕ್ಷನ್ 20ರ ಪ್ರಕಾರ ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ್ರೆ ಸರ್ಕಾರಿ ನೌಕರನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ, ಹುದ್ದೆ ಇಳಿಸೋ ಹಾಗಿಲ್ಲ, ಆ ಕೆಲಸಕ್ಕೆ ಆಗಲ್ಲ ಅಂದ್ರೆ ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ಆದ್ರೆ ಅದೇ ಕಾಯ್ದೆ ಪ್ರಕಾರ ಶ್ರವಣದೋಷ ಅಂತ ಆಗೋದು ಎರಡೂ ಕಿವಿಯಲ್ಲಿ, ಮಾತಿನ ಆವರ್ತನಗಳಲ್ಲಿ 60 ಡೆಸಿಬಲ್ ನಷ್ಟ ಆದ್ಮೇಲೆ. ಮೇಡಂ ಹೇಳಿದ 4000 ಹರ್ಟ್ಸ್ ಹಂತದಲ್ಲಿ ಇರೋನಿಗೆ ಕೆಲಸಕ್ಕೆ ತೊಂದ್ರೆ ಶುರುವಾಗಿರುತ್ತೆ, ಕಾಯ್ದೆ ರಕ್ಷಣೆ ಇನ್ನೂ ಶುರುವಾಗಿರಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯಲ್ಲಿ ಸದ್ದಿನಿಂದ ಬರೋ ಕಿವುಡು ಮೂರನೇ ಅನುಸೂಚಿಯಲ್ಲಿ ಇತ್ತು, ಕಂಡುಬಂದ್ರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ ಆಗಿತ್ತು, ಆದ್ರೆ ಫೈರ್ ಸ್ಟೇಷನ್ ಕಾರ್ಖಾನೆ ಅಲ್ಲ. ಆ ಮಧ್ಯದ ಜಾಗದಲ್ಲಿ ಇರೋರಿಗೆ ನೀವು ಹೇಳಿದ ಹಾಗೆ ಗುಟ್ಟು ಕಾಪಾಡೋದೇ ರಕ್ಷಣೆ. ವೈಯಕ್ತಿಕ ನಂಬರ್ ಆಯಾ ವ್ಯಕ್ತಿ ಫೋನ್‌ನಲ್ಲಿ ಮಾತ್ರ, ಗಾಡಿ ನಂಬರ್ ಎಲ್ರಿಗೂ ಅನ್ನೋದು ನನಗೂ ಸರಿ ಅನ್ಸುತ್ತೆ.

ಜೋಗಿಮಟ್ಟಿ ಗಾಳಿ

ನಮ್ ಕಡೆ ಇನ್ನೊಂದ್ ಐತೆ. ಬೇಸಿಗೆಲಿ ಜೋಗಿಮಟ್ಟಿ ಕಾಡಿಗೆ ಬೆಂಕಿ ಬಿದ್ರೆ ಗಾಡಿ ಮೇಲೆ ಹೋಗಲ್ಲ, ಅರಣ್ಯದ ವಾಚರ್‌ಗಳು ಬೆನ್ನಿಗೆ ಬ್ಲೋವರ್ ಹಾಕ್ಕೊಂಡು ತರಗೆಲೆ ದೂಡ್ತಾರೆ, ಅದರ ಇಂಜಿನ್ ಕಿವಿ ಹಿಂದೇನೇ ಇರ್ತದೆ, ತಾಸುಗಟ್ಲೆ. ಅವ್ರಲ್ಲಿ ಬಹಳ ಜನ ದಿನಗೂಲಿ, ಅವ್ರ ಕಿವಿ ಯಾರ ಲೆಕ್ಕದಾಗೂ ಇಲ್ಲ. ಈ ಕೆಲ್ಸ ಶುರು ಮಾಡಿದ್ರೆ ಅವ್ರನ್ನೂ ಸೇರಿಸ್ಕಳಿ. ಬ್ಲೋವರ್ ಹಿಡಿಯೋರಿಗೆ ಕಿವಿ ಮುಚ್ಚೋ ಇಯರ್ ಮಫ್ ಹಾಕ್ಸೋಕೆ ಯಾವ ಅಡ್ಡಿನೂ ಇಲ್ಲ, ಅಲ್ಲಿ ಬಿಎ ಸೆಟ್ ಇಲ್ಲ ಹೆಲ್ಮೆಟ್ ಇಲ್ಲ. ಹಂಗೇ ಗಣಪತಿ ಮೆರವಣಿಗೆಗೆ ನಮ್ ದುರ್ಗದಾಗೆ ವಾಟರ್ ಟೆಂಡರ್ ಬಂದೋಬಸ್ತಿಗೆ ನಿಲ್ತದೆ, ಡಿಜೆ ಪಕ್ಕದಾಗೇ ಆಯ್ತು ಅಂದ್ರೆ ಆ ದಿನದ ಡೋಸ್ ಏನಾಗ್ಬೇಡ.

ವಿದ್ಯಾನಗರ ಹುಡುಗ

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೀತಾರೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಧನ್ಯವಾದ. ನಿವೃತ್ತ ಅಂಕಲ್ ಬರೆದಿದ್ದನ್ನ ಅಣ್ಣಂಗೆ ಓದಿ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಅದೇ ಕಣೋ" ಅಂದ.

ಎರಡು ಪ್ರಶ್ನೆ. ಗಾಡಿ ಅಳೆದ್ರೆ ಗಾಡೀಲಿ ಬದಲಾಯಿಸೋಕೆ ಏನಿದೆ? ಇಯರ್ ಪ್ಲಗ್ ಹಾಕ್ಕೊಂಡು ಗಾಡಿ ಓಡಿಸಬಹುದಾ?

ಪಂಪ್ ಪ್ಯಾನಲ್

ಬದಲಾಯಿಸೋದು ಬಹಳ ಐತಿ. ಸೈರನ್ ಹಾರ್ನ್ ಕ್ಯಾಬಿನ್ ನೆತ್ತಿ ಮ್ಯಾಲಿದ್ರ ಅರ್ಧ ಸದ್ದು ನಮಗೇ. ಅದನ್ನ ಮುಂದೆ ಬಂಪರ್ ಹತ್ರ, ಗ್ರಿಲ್ ಹತ್ರ ಇಳಿಸಿದ್ರ ಮುಂದಿರೋ ಗಾಡ್ಯೋರಿಗೆ ಚೆನ್ನಾಗಿ ಕೇಳ್ತತಿ, ನಮಗೆ ಕಮ್ಮಿ ಆಗ್ತತಿ. ಗಾಜು ಏರಿಸ್ಕೊಂಡು ಹೋಗ್ರಿ ಅಂತ ಹೇಳೋದು ಸುಲಭ, ಏಪ್ರಿಲ್‌ನಾಗೆ ಇಂಜಿನ್ ಕಾವು, ಮೈಮ್ಯಾಲೆ ಯೂನಿಫಾರ್ಮು, ಏಸಿ ಇಲ್ಲದ ಕ್ಯಾಬಿನ್ನಾಗೆ ಗಾಜು ಮುಚ್ಚಿ ಕೂತ್ರ ಸ್ಪಾಟ್ ಮುಟ್ಟೋದ್ರಾಗೇ ಸುಸ್ತು. ಒಂದು ಫ್ಯಾನ್ ಹಾಕಿಸಿದ್ರೂ ಬಲಗಡೆ ಗಾಜನ್ನ ಮುಕ್ಕಾಲು ಏರಿಸಬಹುದು. ರೈಲ್ವೆ ಗೇಟ್ ಬಿದ್ದಾಗ ಸೈರನ್ ಆಫ್ ಮಾಡಬಹುದು, ಗೇಟ್ ಮುಂದೆ ನಿಂತು ಯಾರಿಗೆ ಕೂಗೋದು? ಬರೀ ಲೈಟ್ ಸಾಕು. ಪಂಪ್ ಪ್ಯಾನಲ್‌ನಾಗೆ ಪ್ರೆಶರ್ ಸೆಟ್ ಆದ ಮ್ಯಾಲೆ ನಾಲ್ಕು ಹೆಜ್ಜೆ ಆಚೆ ನಿಂತು ಗೇಜ್ ನೋಡಬಹುದು, ಇಬ್ಬರಿದ್ರ ಸರದಿ ಮಾಡಬಹುದು. ಇದನ್ನೆಲ್ಲ ನಾವು ಬಾಯಲ್ಲಿ ಹೇಳಿದ್ರ ಯಾರೂ ಕೇಳಲ್ಲ. ಅದೇ ಗಾಡಿ, ಅದೇ ರಸ್ತೆ, ಹಾರ್ನ್ ಮ್ಯಾಲಿದ್ದಾಗ ಇಷ್ಟು ಕೆಳಗಿಳಿಸಿದ ಮ್ಯಾಲೆ ಇಷ್ಟು ಅಂತ ಕಾಗದದ ಮ್ಯಾಲೆ ನಂಬರ್ ಇಟ್ರ ಮಾತೇ ಬೇರೆ.

ಆಡಿಯಾಲಜಿ ಮೇಡಂ

ಪಂಪ್ ಪ್ಯಾನಲ್ ಅವರು ಹೇಳಿದ್ದೇ ಸರಿಯಾದ ದಾರಿ. ಅಮೆರಿಕದಲ್ಲಿ ಫೈರ್ ಸ್ಟೇಷನ್‌ಗಳಲ್ಲಿ ಡೋಸಿಮೀಟರ್ ಕಟ್ಟಿ ನೋಡಿದಾಗಲೂ ಇಡೀ ಪಾಳಿಯ ಸರಾಸರಿ ಹಲವು ಸಲ ಮಿತಿ ಒಳಗೇ ಬಂದಿದೆ, ಆದ್ರೆ ಸೈರನ್ ಹಾಕಿ ಓಡೋ ನಿಮಿಷಗಳಲ್ಲಿ 100 ದಾಟಿದೆ. ಠಾಣೆಲಿ ಕೂತಿರೋ ಗಂಟೆಗಳು ಸೇರಿ ಸರಾಸರಿ ಇಳಿದುಬಿಡುತ್ತೆ. ಅದಕ್ಕೇ ದಿನದ ಒಂದು ನಂಬರ್ ಬರೆದಿಟ್ರೆ ಪ್ರಯೋಜನ ಕಮ್ಮಿ, ಸೈರನ್ ಓಟ ಎಷ್ಟು, ಪಂಪ್ ಎಷ್ಟು, ಕಬ್ಬಿಣ ಕತ್ತರಿಸೋ ಕಟರ್ ಎಷ್ಟು ಅಂತ ಕೆಲಸವಾರು ಬರೀಬೇಕು. ಇನ್ನೊಂದು, 85ಕ್ಕೆ 8 ಗಂಟೆ ಅನ್ನೋ ಲೆಕ್ಕದಲ್ಲಿ ಉಳಿದ 16 ಗಂಟೆ ಕಿವಿಗೆ ವಿಶ್ರಾಂತಿ ಅಂತ ಇದೆ. 24 ಗಂಟೆ ಸತತ ಡ್ಯೂಟಿ ಆದ್ರೆ ಅದೇ ಲೆಕ್ಕ ಸುಮಾರು 80ಕ್ಕೆ ಇಳಿಯುತ್ತೆ.

ಪ್ಲಗ್ ಬಗ್ಗೆ. ಡಬ್ಬಿ ಮೇಲೆ 29 ಅಂತ ಬರೆದಿದ್ರೆ ಕಿವಿಗೆ 29 ಕಮ್ಮಿ ಆಗಲ್ಲ. ಅಲ್ಲಿ ಒಂದು ಲೆಕ್ಕ ಇದೆ, 7 ಕಳೆದು ಅರ್ಧ ಮಾಡಿ, 11 ಅಂತ ಇಟ್ಕೊಳ್ಳಿ. 11 ಸಿಕ್ಕಿದ್ರೂ 100 ಇದ್ದದ್ದು 89 ಆಗುತ್ತೆ, 15 ನಿಮಿಷದ ಮಿತಿ 3 ಗಂಟೆ ಹತ್ರ ಹೋಗುತ್ತೆ. ಪಂಪ್ ಹತ್ರ, ಮರ ಕೊಯ್ಯುವಾಗ, ಕಟರ್ ಓಡಿಸೋ ಪವರ್ ಪ್ಯಾಕ್ ಹತ್ರ ಮಫ್ ಹಾಕಿ. ಬೆಂಕಿ ಒಳಗೆ ಮಾತ್ರ ಬೇಡ, ಅಲ್ಲಿ ಜೊತೆಗಾರನ ಕೂಗು, ಛಾವಣಿ ಸದ್ದು ಕೇಳಲೇಬೇಕು. ಡ್ರೈವರ್‌ಗೆ ಜೋರು ಸದ್ದು ಮಾತ್ರ ತಡೆದು ಮೆಲು ಮಾತು ಬಿಡೋ ಎಲೆಕ್ಟ್ರಾನಿಕ್ ಮಫ್ ಬರ್ತವೆ, ವಾಕಿಟಾಕಿಗೂ ಜೋಡಿಸಬಹುದು, ಅದು ಠಾಣೆಯೋರು ಒಪ್ಪಿದ್ರೆ ಮಾತ್ರ.

ತುಂಗಭದ್ರಾ ತೀರ, ಹರಿಹರ

ವಿಸಿಲ್ ವಿಷಯ ಓದಿದ್ಮೇಲೆ ಮಾವನ ಹತ್ರ ಮಾತಾಡ್ದೆ. ಸೆಟ್ ಹಾಕ್ಕೊಂಡಾಗ ಪಕ್ಕದೋನು ಎಳೆದ್ಮೇಲೇ ಹೊರಗೆ ಬಂದಿದ್ದುಂಟು ಅಂದ್ರು. ನಾನು ಬೂಟು ಮೊದಲು ಅಂದಿದ್ದು ಹಾಗೇ ಇರ್ಲಿ, ಆದ್ರೆ ಕಿವಿ ಆಮೇಲೆ ಅಂದಿದ್ದು ವಾಪಸ್ ತಗೊಳ್ತೀನಿ, ಎರಡೂ ಒಟ್ಟಿಗೇ ಆಗ್ಲಿ. ಏಪ್ರಿಲ್ 14ರಿಂದ 20 ಅಗ್ನಿಶಾಮಕ ಸಪ್ತಾಹ ಮಾಡ್ತಾರಲ್ಲ, 1944ರಲ್ಲಿ ಬಾಂಬೆ ಡಾಕ್ ಸ್ಫೋಟದಲ್ಲಿ ತೀರ್ಕೊಂಡೋರ ನೆನಪಿಗೆ, ಆ ವಾರ ಶಾಲೆ ಮಕ್ಕಳಿಗೆ ಡೆಮೋ ತೋರಿಸೋ ಜೊತೆಗೆ ಠಾಣೆಯೋರಿಗೇ ಒಂದು ಕಿವಿ ಪರೀಕ್ಷೆ ಕ್ಯಾಂಪ್ ಇಟ್ರೆ? ಹರಿಹರದ ಕಡೆ ಜಾಗ, ಊಟದ ವ್ಯವಸ್ಥೆ ನಾನು ನೋಡ್ಕೊಳ್ತೀನಿ.

ಆಡಿಯಾಲಜಿ ಮೇಡಂ

ಬರ್ತೀನಿ, ಫೀಸ್ ಬೇಡ. ಒಂದೇ ಷರತ್ತು, ರಿಪೋರ್ಟ್ ಆಯಾ ವ್ಯಕ್ತಿ ಕೈಗೆ ಮಾತ್ರ ಕೊಡ್ತೀನಿ. ನಿಮ್ಮಣ್ಣನ್ನ ಅಲ್ಲಿವರೆಗೂ ಕಾಯಿಸಬೇಡಿ, ಈಗ್ಲೇ ಕರ್ಕೊಂಡು ಬನ್ನಿ. ಬರೋ ಮೊದಲು ಕಡೇ ಪಕ್ಷ 14 ಗಂಟೆ ಜೋರು ಸದ್ದಿಂದ ದೂರ ಇರಬೇಕು, ವಾರದ ರಜೆ ಮಾರನೇ ಬೆಳಿಗ್ಗೆ ಡ್ಯೂಟಿಗೆ ಹೋಗೋ ಮುಂಚೆ ಬಂದ್ರೆ ಒಳ್ಳೇದು, ಇಲ್ಲಾಂದ್ರೆ ತಾತ್ಕಾಲಿಕ ನಷ್ಟನೂ ಸೇರಿ ತಪ್ಪು ಚಿತ್ರ ಬರುತ್ತೆ. 3000, 6000 ಹರ್ಟ್ಸ್ ಕೂಡ ಪರೀಕ್ಷೆ ಮಾಡಿ ಅಂತ ಕೇಳಿ, ಕೆಲವು ಕಡೆ ಅವೆರಡನ್ನ ಬಿಟ್ಟುಬಿಡ್ತಾರೆ. ಈ ಮೊದಲ ಆಡಿಯೋಗ್ರಾಮ್ (ಕಿವಿ ಪರೀಕ್ಷೆ ನಕ್ಷೆ) ಜೋಪಾನವಾಗಿ ಇಟ್ಕೊಳ್ಳಿ, ಮುಂದಿನ ವರ್ಷ ಇದರ ಜೊತೆ ಹೋಲಿಸಿ 2000, 3000, 4000ದಲ್ಲಿ ಸರಾಸರಿ 10 ಡೆಸಿಬಲ್ ಕುಸಿದಿದ್ರೆ ಎಚ್ಚರಿಕೆ ಅಂತ ಲೆಕ್ಕ. ಒಎಇ ಅಂತ ಇನ್ನೊಂದು ಪರೀಕ್ಷೆನೂ ಮಾಡೋಣ, ಆಡಿಯೋಗ್ರಾಮ್‌ನಲ್ಲಿ ಕಾಣೋ ಮೊದಲೇ ರೋಮಕೋಶದ ತೊಂದ್ರೆ ಅದರಲ್ಲಿ ಕಾಣಬಹುದು. ಬಡ್ಸ್ ಹಾಕಿ ಕಿವಿ ಮೇಣ ತೆಗೆಯೋಕೆ ಹೋಗ್ಬೇಡಿ, ನಾನೇ ನೋಡ್ತೀನಿ.

ವಿದ್ಯಾನಗರ ಹುಡುಗ

ಅಣ್ಣ ಒಪ್ಪಿದ, ಸೋಮವಾರ ಬೆಳಿಗ್ಗೆ ಬರ್ತೀವಿ ಮೇಡಂ. ಅವ್ನ ಜೊತೆಯೋರ ಹತ್ರನೂ ಮಾತಾಡಿದೀನಿ. ಹೆಸರು ಬರೆಯಲ್ಲ, ಗಾಡಿ ಮತ್ತೆ ಕೆಲಸ ಮಾತ್ರ ಬರೀತೀವಿ, ಹಾರ್ನ್ ಜಾಗ, ಗಾಜು ಮೇಲಾ ಕೆಳಗಾ, ನಿಮಿಷ ಎಷ್ಟು, ಇಷ್ಟೇ. ಠಾಣಾಧಿಕಾರಿ ಒಪ್ಪಿಗೆ ಕೇಳಿ ಆಮೇಲೆ ಶುರು. ವಾಚ್ ಒಂದೇ ಸಾಲಲ್ಲ, ಇಸಿ ಬ್ರಾಂಚ್ ಅಣ್ಣ ನೀವು ಬ್ಯಾಡ್ಜ್ ಕಟ್ಟೋದಾದ್ರೆ ಭುಜಕ್ಕೆ ಹಾಕೋ ಕ್ಲಿಪ್ಪು, ಡಬ್ಬಿ ನಾನು ಮಾಡಿಸ್ತೀನಿ. ಕ್ಯಾಲಿಬ್ರೇಟರ್ ಯಾರ ಹತ್ರನಾದ್ರೂ ಇದ್ರೆ, ಕಾಲೇಜ್ ಲ್ಯಾಬ್‌ನಲ್ಲಿದ್ರೂ ಪರ್ವಾಗಿಲ್ಲ, ಒಂದು ದಿನದ ಮಟ್ಟಿಗೆ ಬೇಕು.

ಇಸಿ ಬ್ರಾಂಚ್

ಭಾನುವಾರ ಎರಡು ಬ್ಯಾಡ್ಜ್ ರೆಡಿ ಮಾಡ್ತೀನಿ. ಕ್ಯಾಲಿಬ್ರೇಟರ್‌ಗೆ ನಾನು ಓದಿದ ಕಡೆ ಲ್ಯಾಬ್‌ನಲ್ಲಿ ಕೇಳ್ತೀನಿ. ಮೆಮೊರಿಗೆ ಮಟ್ಟ ಮತ್ತೆ ಟೈಮ್ ಮಾತ್ರ ಬರೆಯೋ ತರ ಮಾಡ್ತೀನಿ, ಧ್ವನಿ ಒಂದು ಸೆಕೆಂಡೂ ಉಳಿಯಲ್ಲ, ಕೋಡ್ ಇಲ್ಲೇ ಹಾಕ್ತೀನಿ, ಯಾರು ಬೇಕಾದ್ರೂ ನೋಡ್ಲಿ. ಜೋಗಿಮಟ್ಟಿಯೋರೆ, ಬ್ಲೋವರ್ ಹಿಡಿಯೋರಿಗೆ ಒಂದು ಬೇಕಾ?

ಜೋಗಿಮಟ್ಟಿ ಗಾಳಿ

ಬೇಕು ಕಣಣ್ಣ. ಬೇಸಿಗೆ ಶುರು ಆಗೋ ಮುಂಚೆ ಕೊಡಿ, ದುರ್ಗದಿಂದ ನಾನೇ ಬಂದ್ ತಗೊಂಡ್ ಹೋಗ್ತೀನಿ.